ಒಂದೆರಡು ಕಡೆ ಮಳೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಈ ಐದು ತಾಲ್ಲೂಕುಗಳಲ್ಲಿ ಎಲ್ಲರಿಗೂ ಸಮಪಾಲು ಅಂತ ಏನಾದರೂ ಹಂಚಿಕೆಯಾಗಿದ್ದರೆ ಅದು ಬಿಸಿಲು. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ಎಲ್ಲರ ಜೊತೆ ವಿಜಯನಗರ ಜಿಲ್ಲೆ ಸೇರಿತು. ಬೋರ್ಡುಗಳು ಬದಲಾದವು, ಸೀಲುಗಳು ಬದಲಾದವು. ಏಪ್ರಿಲ್ ಬಿಸಿಲು ಮಾತ್ರ ಯಾವ ಆದೇಶಕ್ಕೂ ಕಾಯದೆ ಮೂರೂ ಜಿಲ್ಲೆಗಳಲ್ಲಿ 40 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮಾಡಿತು.

ಕೂಡ್ಲಿಗಿ ಕಡೆ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ. ಹಗಲೆಲ್ಲ ಕುಡಿದ ಬಿಸಿಲನ್ನು ಅವು ರಾತ್ರಿ ನಮ್ಮ ಮೇಲೆ ಕಕ್ಕುತ್ತವೆ. ಗುಡೇಕೋಟೆಯ ಕರಡಿಧಾಮದ ಕರಡಿಗಳು ಹಗಲು ಗವಿಯೊಳಗೆ ಮಲಗಿ, ಹೊತ್ತು ಇಳಿದ ಮೇಲೆ ಹೊರಗೆ ಬರುತ್ತವೆ. ಮೈತುಂಬ ಕರಿ ಕೂದಲು ಹೊತ್ತ ಪ್ರಾಣಿಗೆ ಇಷ್ಟು ವಿವೇಕ ಬಂದಿದೆ. ನಾವೋ, ಮಧ್ಯಾಹ್ನ ಹನ್ನೆರಡೂವರೆಯ ಮುಹೂರ್ತಕ್ಕೆ ರೇಷ್ಮೆ ಸೀರೆ ಉಡಿಸಿಕೊಂಡು, ಕೋಟು ಹಾಕಿಸಿಕೊಂಡು, ತಗಡಿನ ಕಲ್ಯಾಣಮಂಟಪಕ್ಕೆ ಹೊರಡುತ್ತೇವೆ. ಉಜ್ಜಿನಿಯಲ್ಲಿ ಇದೇ ಬಿಸಿಲ ಕಾಲದಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ತೈಲಾಭಿಷೇಕ ಮಾಡುತ್ತಾರೆ. ಸಾಲಿನಲ್ಲಿ ನಿಂತ ಭಕ್ತರ ನೆತ್ತಿಗೂ ಒಂದೊಂದು ಸೌಟು ಹಾಕಿದರೆ ಪುಣ್ಯ ಕಡಿಮೆಯಾಗುತ್ತಿರಲಿಲ್ಲ.

ಮಳೆಯ ಹಂಚಿಕೆಗೆ ಬಂದರೆ ನ್ಯಾಯ ಅಲ್ಲಿಗೆ ಮುಗಿಯಿತು. ಮುಂಗಾರಿನದು ಬಿಡಿ, ಅದು ಪಶ್ಚಿಮ ಘಟ್ಟದಲ್ಲೇ ಖಾಲಿಯಾಗಿ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಇಲ್ಲಿ 600ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಾನು ಹೇಳುತ್ತಿರುವುದು ಅಶ್ವಿನಿ, ಭರಣಿ, ಕೃತ್ತಿಕಾ ಎಂದು ಹೆಸರು ಹೊತ್ತು ಬರುವ ಬೇಸಿಗೆ ಮಳೆಯ ಕತೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆ. ನೆಲ ಕಾದು, ಅದರ ಮೇಲಿನ ಗಾಳಿ ಕಾದು, ಸಮುದ್ರದ ಕಡೆಯಿಂದ ಬಂದ ತೇವವನ್ನು ಎತ್ತಿಕೊಂಡು ಮೇಲೇರಿ, ಮೂರು ಗಂಟೆ ಹೊತ್ತಿಗೆ ಹತ್ತು ಕಿಲೋಮೀಟರಿಗೂ ಎತ್ತರದ ಕರಿ ಮೋಡ ಎದ್ದಿರುತ್ತದೆ. ಎತ್ತರ ನೋಡಿ ಮೋಸಹೋಗಬೇಡಿ, ಅಗಲ ಕೆಲವೇ ಕಿಲೋಮೀಟರು. ಆಯುಷ್ಯ ಸಾಮಾನ್ಯವಾಗಿ ತಾಸಿನ ಒಳಗೆ. ಹೀಗಾಗಿ ಕೊಟ್ಟೂರಿನ ತೇರುಬೀದಿಯಲ್ಲಿ ಮಿರ್ಚಿ ಬಂಡಿಯವನು ಎಣ್ಣೆ ಬಾಣಲೆಯ ಮೇಲೆ ತಗಡು ಮುಚ್ಚಿ ಓಡುವಾಗ, ಬಸ್ ಸ್ಟ್ಯಾಂಡಿನಲ್ಲಿ ಜನ ಕಣ್ಣಿಗೆ ಬಿದ್ದ ಧೂಳು ಉಜ್ಜಿಕೊಳ್ಳುತ್ತ ನಿಂತಿರುತ್ತಾರೆ. ಅಣ್ಣನ ಹೊಲ ನೆನೆದು ತಮ್ಮನ ಹೊಲ ಒಣಗಿ, ಪಾಲು ಮಾಡಿದ ಹಿರಿಯರ ಮೇಲೆ ಅನುಮಾನ ಶುರುವಾಗುತ್ತದೆ.

ಹವಾಮಾನ ಇಲಾಖೆಯವರು ಇದನ್ನು ಬಲ್ಲವರು. ‘ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ’ ಎಂದು ಬಿಡುತ್ತಾರೆ. ಅವರ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೈದು ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆ ಬಿದ್ದರೆ ಅದು ಒಂದೆರಡು ಕಡೆ. ನಮ್ಮ ಲೆಕ್ಕದಲ್ಲಿ ಒಂದೆರಡು ಕಡೆ ಎಂದರೆ ಬೀಗರ ಊರು. ಇಲಾಖೆಯದಕ್ಕಿಂತ ಚಂದದ ಮುನ್ಸೂಚನೆ ಬೇಕೆಂದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೇ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ, ಲಕ್ಷ ಜನರನ್ನು ಒಂದು ಕೂಗಿಗೆ ಸುಮ್ಮನಾಗಿಸಿ, ಒಂದೇ ಸಾಲು ಕಾರಣಿಕ ನುಡಿಯುತ್ತಾನೆ. ಆ ಸಾಲಿಗೆ ಮಳೆ ಬಂದರೂ ಅರ್ಥವಿದೆ, ಬರದಿದ್ದರೂ ಅರ್ಥವಿದೆ, ಸರ್ಕಾರ ಬಿದ್ದರಂತೂ ಇನ್ನೂ ಒಳ್ಳೆಯ ಅರ್ಥವಿದೆ.

ಮಳೆ ಹೀಗೆ ಚೂರುಚೂರಾಗಿ ಬೀಳುವುದರಿಂದ ಸಂಜೆ ಐದಾಯಿತೆಂದರೆ ಐದು ತಾಲ್ಲೂಕಿನ ಫೋನುಗಳೂ ಬಡಿದುಕೊಳ್ಳುತ್ತವೆ. “ನಿಮ್ ಕಡಿ ಮಳಿ ಆತೇನು?” ಪ್ರಶ್ನೆ ಸರಳ. ಉತ್ತರ ಹೇಳುವುದು ಒಂದು ವಿದ್ಯೆ. ನಮ್ಮ ದೊಡ್ಡಪ್ಪ ಅದರಲ್ಲಿ ಪಂಡಿತ. ಒಮ್ಮೆ ಹಳ್ಳ ದಡ ಮೀರಿ ಹರಿಯುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಲೇ ಫೋನಿನಲ್ಲಿ, “ಎಲ್ಲೈತೋ ಯಪ್ಪಾ, ಧೂಳು ಅಡಗೋವಷ್ಟು ಹನಿಸಿ ಹೋತು” ಎಂದ. ಆ ಕಡೆ ಇದ್ದವನು ಬೀಜ-ಗೊಬ್ಬರದ ಬಾಕಿ ಕೇಳುವ ಅಂಗಡಿಯವನು. ಮಳೆ ಒಪ್ಪಿಕೊಂಡರೆ ಸಾಲ ಒಪ್ಪಿಕೊಂಡ ಹಾಗೆ. ಅದೇ ಸಂಜೆ ದೊಡ್ಡಪ್ಪನ ಮಗನಿಗೆ ಹೆಣ್ಣು ಕೊಡಲು ಯೋಚಿಸುತ್ತಿದ್ದ ಹರಪನಹಳ್ಳಿಯವರು ಫೋನು ಮಾಡಿದರು. ಹಳ್ಳದ ಸದ್ದು ಕೇಳಲೆಂದು ಫೋನನ್ನು ಆ ಕಡೆಗೇ ಹಿಡಿದು, “ಕೇಳಸ್ತೈತ್ರೀ ಬೀಗರೇ? ಕೆರಿ ಕೋಡಿ ಬೀಳೋದೊಂದು ಬಾಕಿ” ಎಂದ. ನಿಶ್ಚಯ ಆಗುವ ಮೊದಲೇ ಬೀಗರಾಗಿಬಿಟ್ಟಿದ್ದರು. ಮರುದಿನ ಬೆಳೆಹಾನಿ ನೋಡಲು ಅಧಿಕಾರಿಗಳು ಬಂದಾಗ ಅದೇ ಮಳೆಗೆ ಆಲಿಕಲ್ಲು ಸೇರಿಕೊಂಡಿತ್ತು. ಮೊದಲು ನಿಂಬೆಹಣ್ಣಿನ ಗಾತ್ರದವು, ಜೀಪು ಹೊರಡುವ ಹೊತ್ತಿಗೆ ತೆಂಗಿನಕಾಯಿ ಗಾತ್ರದವು.

ಈ ಕಲೆಗೆ ಈಗ ಕುತ್ತು ಬಂದಿದೆ. ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ನಿಂತಿದೆ. ಅದು ಯಾರ ಮುಖವನ್ನೂ ನೋಡದೆ ತನ್ನಷ್ಟಕ್ಕೆ ತಾನೇ ಬೆಂಗಳೂರಿಗೆ ಲೆಕ್ಕ ಕಳಿಸುತ್ತದೆ. ಅದಕ್ಕೆ ಬೀಗರೂ ಇಲ್ಲ, ಸಾಲವೂ ಇಲ್ಲ. ತೋಟದ ಬೆಳೆಯ ಹವಾಮಾನ ವಿಮೆಗೂ ಅದರ ಮಾತೇ ಪ್ರಮಾಣ. ಆದರೆ ಮೇಲೆ ಹೇಳಿದೆನಲ್ಲ, ಮೋಡದ ಅಗಲ ಕೆಲವೇ ಕಿಲೋಮೀಟರು. ಪಂಚಾಯಿತಿ ಮಾಪಕದಲ್ಲಿ ಮಳೆ ತುಂಬಿ, ಆಚೆ ಮಡ್ಡಿಯ ಹೊಲ ಒಣಗಿದ್ದರೆ, ಕಾಗದದಲ್ಲಿ ಆ ರೈತನೂ ನೆನೆದವನೇ. ದೊಡ್ಡಪ್ಪನ ಸುಳ್ಳಾದರೂ ಅವನವನ ಹೊಲಕ್ಕೆ ಅಳತೆ ಮಾಡಿ ಹೊಲಿದದ್ದು.

ಅಳತೆಯಲ್ಲೂ ಜಗಳವಿದೆ. 2.5 ಮಿಲಿಮೀಟರ್ ಬಿದ್ದರೆ ಇಲಾಖೆ ಅದನ್ನು ಮಳೆಯ ದಿನ ಎಂದು ಬರೆದುಕೊಳ್ಳುತ್ತದೆ. ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇದು ಹಾಸ್ಯ. ಮಾಳಿಗೆ ಸೋರಬೇಕು, ಕೆಳಗೆ ಪಾತ್ರೆ ಇಡಬೇಕು, ಪಾತ್ರೆ ಸಾಲದೆ ಹೆಂಡತಿ ಬೈಯಬೇಕು. ಆಗ ಮಳೆ. ಹೊಲದಲ್ಲಾದರೆ ಮಣ್ಣು ಕೆದರಿ ನೋಡಬೇಕು, ಗೇಣು ಹಸಿ ಇಳಿದಿದ್ದರೆ ಬಿತ್ತನೆಯ ಮಾತು. ಇದರಲ್ಲಿ ನಾನು ಹಿರಿಯರ ಪಕ್ಷ.

ಮಳೆಗಿಂತ ಮುಂಚೆ ಬರುವ ಗಾಳಿಯನ್ನು ಮರೆತರೆ ಅನ್ಯಾಯವಾದೀತು. ಮೋಡದೊಳಗಿನ ತಣ್ಣನೆ ಗಾಳಿ ಧೊಪ್ಪನೆ ಕೆಳಗೆ ಬಿದ್ದು ನೆಲದ ಮೇಲೆ ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಹಗರಿಬೊಮ್ಮನಹಳ್ಳಿ ಹತ್ತಿರದ ಒಂದು ಮದುವೆಯಲ್ಲಿ ಅದು ಶಾಮಿಯಾನವನ್ನು ಕಂಬ ಸಮೇತ ಎತ್ತಿ ಪಕ್ಕದ ಈರುಳ್ಳಿ ಹೊಲದಲ್ಲಿ ಮಲಗಿಸಿತು. ಎರಡನೇ ಪಂಕ್ತಿಯ ಎಲೆಗಳು ಹಪ್ಪಳದೊಂದಿಗೆ ಹೊರಟವು. ಊಟಕ್ಕೆ ಕೂತ ಮಾವನೊಬ್ಬರು ಎಲೆಯ ಮೇಲೆ ಮೊಣಕೈ ಊರಿ ಗೋಧಿ ಹುಗ್ಗಿಯನ್ನು ರಕ್ಷಿಸಿಕೊಂಡರು. ಕರೆಂಟು ಹೋಯಿತು, ಬ್ಯಾಂಡಿನವರು ಬಸ್ಸಿನೊಳಗೆ ಹೊಕ್ಕರು, ಎಲ್ಲರೂ ಆಕಾಶ ನೋಡಿದರು. ಬಿದ್ದದ್ದು ದಪ್ಪ ದಪ್ಪ ನಾಲ್ಕು ಹನಿ. ಉಳಿದದ್ದೆಲ್ಲ ಮಾಲ್ವಿ ಜಲಾಶಯದ ಕಡೆ ಆಯಿತೆಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಹೇಳಿದವರು ಯಾರ ಪೈಕಿ ಎಂದು ಗೊತ್ತಿಲ್ಲದ್ದರಿಂದ ನಂಬಲಿಲ್ಲ.

ಸಿಡಿಲಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಕುರಿ ಕಾಯುವವರು, ಹೊಲದಲ್ಲಿದ್ದವರು ಹನಿ ಬಿದ್ದೊಡನೆ ಓಡುವುದು ಹುಣಸೆ ಮರದ ಬುಡಕ್ಕೆ, ಬಯಲಲ್ಲಿ ಸಿಡಿಲು ಹುಡುಕುವುದೂ ಅದನ್ನೇ. ನೆನೆದರೆ ನೆಗಡಿ, ಅಷ್ಟೇ. ಗುಡುಗು ಕೇಳಿದರೆ ಮರ ಬಿಟ್ಟು ಗಟ್ಟಿ ಮನೆಯೊಳಗೋ ಬಾಗಿಲು ಮುಚ್ಚಿದ ಬಸ್ಸಿನೊಳಗೋ ಹೋಗಿ. ‘ಸಿಡಿಲು’, ‘ದಾಮಿನಿ’ ಎಂಬ ಆ್ಯಪ್‌ಗಳು ಮುನ್ಸೂಚನೆ ಕೊಡುತ್ತವೆ, ಫೋನು ಬರೀ ಮಳೆ ವಿಚಾರಿಸಲಿಕ್ಕೇ ಅಲ್ಲ.

ಇನ್ನು ನೀವು ಮೇ ತಿಂಗಳಲ್ಲಿ ಈ ಕಡೆ ಮದುವೆಗೋ ಜಾತ್ರೆಗೋ ಬಂದವರಾಗಿದ್ದು, ಚಹಾದಂಗಡಿಯಲ್ಲಿ ಯಾರಾದರೂ ನಿಮ್ಮೂರ ಮಳೆ ವಿಚಾರಿಸಿದರೆ, ಬಾಯಿಗೆ ಬಂದದ್ದು ಹೇಳಿಬಿಡಬೇಡಿ. ಮೊದಲು ಕೇಳುತ್ತಿರುವವರು ಯಾರೆಂದು ತಿಳಿದುಕೊಳ್ಳಿ. ತಿಳಿಯದಿದ್ದರೆ ‘ಸುಮಾರಾಗೈತ್ರಿ’ ಎಂದು ಚಹಾ ಕುಡಿಯಿರಿ.