ಪದ್ಮಿನಿ ಅಂಕಲ್

ಯಲಹಂಕ ಉಪನಗರದ ಯಾವ ಅಡ್ಡರಸ್ತೆಗೆ ಬೇಕಾದರೂ ಹೋಗಿ, ಒಂದಲ್ಲ ಒಂದು ಮನೆಯ ಪೋರ್ಟಿಕೋದಲ್ಲಿ ನೀಲಿ ಟಾರ್ಪಾಲು ಹೊದ್ದ ಕಾರು ಸಿಕ್ಕೇ ಸಿಗುತ್ತದೆ. ಮನೆಯವರು ದಿನಾ ಓಡಾಡುವ ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಓಡದ ಕಾರಿಗೆ ಮಾತ್ರ ನೆರಳು, ಹೊದಿಕೆ, ಉಪಚಾರ. ಟಾರ್ಪಾಲಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದರೆ ಗಾಬರಿಯಾಗಬೇಡಿ. ಅವು ಪದ್ಮಿನಿ ಅಂಕಲ್‌ ಅವರವು.

ಈ ಜಾತಿಯವರು ನಮ್ಮ ಬೀದಿಗಷ್ಟೇ ಮೀಸಲಲ್ಲ. ಆರ್.ಟಿ. ನಗರದಲ್ಲಿ ಇವರೇ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂಕಲ್, ಹೆಬ್ಬಾಳದಲ್ಲಿ ಅಂಬಾಸಿಡರ್ ಅಂಕಲ್, ಯಶವಂತಪುರದಲ್ಲಿ ಜೀಪ್ ಅಂಕಲ್. ಲಕ್ಷಣಗಳು ಮಾತ್ರ ಒಂದೇ: ವಯಸ್ಸು ಅರವತ್ತು ದಾಟಿದೆ, ಮಗ ಅಮೆರಿಕದಲ್ಲಿದ್ದಾನೆ, ಸೊಂಟ ಹಿಡಿದಿದೆ, ದೇವರ ಮುಂದೆ ಕೂರಲು ಕುರ್ಚಿ ಬೇಕು, ಕಾರಿನ ಕೆಳಗೆ ಮಲಗಲು ಗೋಣಿಚೀಲ ಸಾಕು.

ನಮ್ಮವರು ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರು. “ಇಡೀ ದೇಶದ ರೈಲಿಗೆ ಗಾಲಿ ಕೊಟ್ಟೋರು ಕಣಯ್ಯಾ ನಾವು. ಈ ನಾಲ್ಕು ಚಕ್ರ ಏನು ಮಹಾ?” ಅನ್ನುತ್ತಾರೆ. ಅವರು ಅಲ್ಲಿ ಕೂತದ್ದು ಅಕೌಂಟ್ಸ್ ವಿಭಾಗದಲ್ಲಿ, ನೋಡಿಕೊಂಡದ್ದು ಭವಿಷ್ಯನಿಧಿಯ ಲೆಕ್ಕ ಎಂಬುದನ್ನು ಆಂಟಿ ಕಾಫಿ ಲೋಟ ಇಡುವಾಗ ಸೇರಿಸುತ್ತಾರೆ.

ಈ ಹುಚ್ಚಿಗೆ ಬೇರು ಬಾಲ್ಯದಲ್ಲಿದೆ. ಅವರ ಕಾಲದಲ್ಲಿ ಫಿಯಟ್ ಅಂದರೆ ಡಾಕ್ಟರು, ಕಂಟ್ರಾಕ್ಟರು, ಇಲ್ಲವೇ ಗಂಡಿನ ಕಡೆಯ ಶ್ರೀಮಂತ ಬೀಗರು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ ಫಿಯಟ್ 1100 ಕಾರಿಗೆ 1974ರ ಸುಮಾರಿಗೆ ರಾಣಿ ಪದ್ಮಿನಿಯ ಹೆಸರು ಬಂತು. ಆಗ ದುಡ್ಡು ಕಟ್ಟಿದವರೂ ವರ್ಷಗಟ್ಟಲೆ ಕಾಯಬೇಕಿತ್ತು. ದುಡ್ಡಿಲ್ಲದ ಅಂಕಲ್ ಪಿಂಚಣಿ ಬರುವ ತನಕ ಕಾದರು. ಕೊನೆಗೆ ದೊಡ್ಡಬಳ್ಳಾಪುರದ ಕಡೆಯ ತೋಟವೊಂದರಲ್ಲಿ 1979ರ ಪದ್ಮಿನಿ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅಂಕಲ್ ಬಾಗಿಲ ಮೇಲೆ ಬೆರಳಲ್ಲಿ ಟಕಟಕ ಬಡಿದು “ಬಾಡಿ ಸಾಲಿಡ್” ಎಂದು ತೀರ್ಪು ಕೊಟ್ಟರು. ಅವರು ಬಡಿದ ಜಾಗದಲ್ಲಿ ತಗಡಿಗಿಂತ ಪಟ್ಟಿಯೇ ಹೆಚ್ಚಿತ್ತು ಎಂಬುದು ಟಿಂಕರಿಂಗಿನವನು ಸುತ್ತಿಗೆ ಇಟ್ಟ ಮೇಲೆ ತಿಳಿಯಿತು.

ಹೊಸಬರು ಮೊದಲು ಮಾಡುವ ಕೆಲಸ ಕಾರು ಬಿಚ್ಚುವುದು. ಅದಕ್ಕೂ ಮೊದಲು ಸಾಮಾನು ಕೊಳ್ಳುವುದು. ಅಂಕಲ್ ಎಸ್.ಜೆ.ಪಿ. ರಸ್ತೆಗೆ ಹೋಗಿ ಹೊಳೆಯುವ ಸ್ಪ್ಯಾನರ್ ಸೆಟ್ ತಂದರು, ಅದೂ ಇಂಚಿನದು. “ಹಳೇ ಗಾಡಿ ಅಂದ್ಮೇಲೆ ಇಂಚೇ.” ಇಂಚಿನ ಲೆಕ್ಕ ಅಂಬಾಸಿಡರಿಗೆ, ಅದರ ಮೂಲ ಇಂಗ್ಲೆಂಡ್. ಇಟಲಿಯಿಂದ ಬಂದ ಫಿಯಟ್ಟಿನದು ಮಿಲಿಮೀಟರ್. ಅಂತೂ ಕೂರದ ಸ್ಪ್ಯಾನರ್ ಹಾಕಿ ತಿರುಗಿಸಿ ತಿರುಗಿಸಿ, ಆರು ಮೂಲೆಯ ಬೋಲ್ಟುಗಳಿಗೆಲ್ಲ ಮೂಲೆಯೇ ಇಲ್ಲದಂತೆ ಮಾಡಿದರು. ಬಿಚ್ಚಿದ್ದನ್ನು ಗುರುತು ಮಾಡಿ ಇಡಬೇಕಲ್ಲ? ಆಂಟಿಯ ಇಡ್ಲಿ ತಟ್ಟೆ ಹೊರಗೆ ಬಂತು. ಒಂದೊಂದು ಗುಳಿಯಲ್ಲಿ ಒಂದೊಂದು ಅಳತೆಯ ನಟ್ಟು, ವಾಷರು. ಲೆಕ್ಕಿಗರ ಅಚ್ಚುಕಟ್ಟು ಎಂದು ಬೀದಿಯೇ ಮೆಚ್ಚಿತು. ಭಾನುವಾರ ಬೆಳಿಗ್ಗೆ ಆಂಟಿ ಇಡ್ಲಿಗೆಂದು ತಟ್ಟೆಯನ್ನು ಬಕೆಟ್ಟಿಗೆ ಬಗ್ಗಿಸಿದರು. ಅಲ್ಲಿಗೆ ವರ್ಗೀಕರಣ ಮುಗಿಯಿತು.

ಆಮೇಲೆ ಬಂದವರು ಆರ್.ಟಿ. ನಗರದ ಭಾಯ್. ಫಿಯಟ್ಟಿನ ಎಂಜಿನ್ನನ್ನು ಕಣ್ಣುಮುಚ್ಚಿ ಇಳಿಸಬಲ್ಲ ಹಳೇ ಕೈ. ಇಡ್ಲಿ ತಟ್ಟೆ, ಹಾರ್ಲಿಕ್ಸ್ ಬಾಟಲಿ, ಬಿಸ್ಕತ್ ಡಬ್ಬಗಳನ್ನೆಲ್ಲ ನೋಡಿ, ಬೀಡಿ ಹಚ್ಚಿ ಹೇಳಿದರು: “ಸಾರ್, ಬಿಚ್ಚೋದು ಹುಡುಗ್ರಿಗೂ ಬರ್ತದೆ. ಕಟ್ಟೋರು ಎಲ್ಲವ್ರೆ?” ಆವತ್ತಿನಿಂದ ಅಂಕಲ್ ಅವರ ಶಿಷ್ಯ. ಎಂಜಿನ್ ಲೇತ್‌ ಅಂಗಡಿಗೆ ರೀಬೋರಿಗೆ ಹೋಯಿತು, ಬಂಪರು ಪೀಣ್ಯಕ್ಕೆ ಕ್ರೋಮ್ ಮಾಡಿಸಲು ಹೋಯಿತು, ಸೀಟು ಜೆ.ಸಿ. ರಸ್ತೆಗೆ ಹೋಯಿತು. ಕಾರು ಮೊದಲ ಸಲ ಬೆಂಗಳೂರು ಸುತ್ತಿದ್ದು ಹೀಗೆ, ತುಂಡುತುಂಡಾಗಿ.

ಬಿಡಿಭಾಗ ಹುಡುಕುವುದು ಈ ವರ್ಗದವರ ತೀರ್ಥಯಾತ್ರೆ. ಶಿವಾಜಿನಗರದ ಗುಜರಿಗೆ ಬಾಗಿಲ ಹಿಡಿ ತರಲು ಹೋದವರು ಹಾರ್ನ್ ತರುತ್ತಾರೆ. ಹಾರ್ನ್ ಬೇಕಾದಾಗ ವೈಪರ್ ಸಿಗುತ್ತದೆ. 2023ರ ಅಕ್ಟೋಬರ್ ಕೊನೆಗೆ ಮುಂಬೈನಲ್ಲಿ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಗಡುವು ತುಂಬಿ ಅದು ರಸ್ತೆ ಬಿಟ್ಟಿತೆಂದು ಪತ್ರಿಕೆಗಳು ಬರೆದಾಗ ಅಂಕಲ್ ಕಣ್ಣು ಒರೆಸಿಕೊಂಡರು. ಒರೆಸಿಕೊಂಡು, “ಅದರ ಡೈನಮೋ ಯಾರ ಹತ್ರ ಇದ್ಯೋ?” ಎಂದರು.

ಖರ್ಚಿಗೆಲ್ಲ ಖಾತೆ ಪುಸ್ತಕವಿದೆ. ಟೈರು ‘ಮನೆ ರಿಪೇರಿ’ಯಲ್ಲಿ ಬರುತ್ತದೆ, ಕ್ಲಚ್ ಪ್ಲೇಟು ‘ವೈದ್ಯಕೀಯ’ದಲ್ಲಿ. ಭವಿಷ್ಯನಿಧಿಯಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿಯೆಲ್ಲ ಕೂತು ಹುಡುಕುತ್ತಿದ್ದ ಮನುಷ್ಯ, ಡ್ಯಾಶ್‌ಬೋರ್ಡ್ ಕಟ್ಟಿದ ಮೇಲೆ ಉಳಿದ ಸ್ಕ್ರೂಗಳನ್ನು “ಕಂಪನಿಯವರು ಹೆಚ್ಚಿಗೆ ಹಾಕಿದ್ರು” ಎಂದು ಡಬ್ಬಕ್ಕೆ ಸೇರಿಸಿದರು.

ಕಾರ್ಬೊರೇಟರ್ ಶುಚಿ ಮಾಡಿದ್ದು ಊಟದ ಮೇಜಿನ ಮೇಲೆ. ಹಳೇ ಪಂಚೆ ಹಾಸಿ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ, ಸಾಸಿವೆ ಕಾಳೂ ಹಿಡಿಸದ ಜೆಟ್ಟಿನ ತೂತನ್ನು ಕಿಟಕಿಯ ಬೆಳಕಿಗೆ ಹಿಡಿದು ಉಫ್ ಎಂದು ಊದಿದರು. ಕಸ ಹಾರಿತು. ಜೆಟ್ಟೂ ಹಾರಿತು. ಮಾರನೆಯ ದಿನ ಅದು ತೊಗರಿಬೇಳೆ ಡಬ್ಬದಲ್ಲಿ ಸಿಕ್ಕಿತು. ಅಷ್ಟರಲ್ಲಿ ತಿಳಿಸಾರಿಗೆಲ್ಲ ಪೆಟ್ರೋಲಿನ ಘಮ ಬಂದಿತ್ತು. “ಇದು ಇ20 ಕಣೇ, ಇದರಲ್ಲಿ ಎಥನಾಲ್ ಇದೆ, ಹಳೇ ರಬ್ಬರ್ ಪೈಪೆಲ್ಲ ತಿಂದು ಹಾಕತ್ತೆ” ಎಂದು ಅಂಕಲ್ ವಿವರಿಸಿದರು. “ಅದಾದ್ರೂ ತಿನ್ಲಿ. ಈ ಸಾರು ಯಾರು ತಿಂತಾರೆ?” ಎಂದರು ಆಂಟಿ.

ಕಾನೂನಿನಲ್ಲೂ ಅಂಕಲ್ ಪಾರಂಗತರು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದ್ದು ಅವರಿಗೆ ಸ್ವಂತ ಅವಮಾನ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ತುಂಬಿ, ಮೂಲ ರೂಪ ಕೆಡದೆ ಉಳಿದ ವಾಹನ ‘ವಿಂಟೇಜ್’. “2029ಕ್ಕೆ ನಮ್ದೂ ವಿಂಟೇಜ್ ಆಗತ್ತೆ. ಆದರೆ ಆಮೇಲೆ ದಿನಾ ರಸ್ತೆಗೆ ಇಳಿಸೋ ಹಾಗಿಲ್ಲ” ಎಂದು ಅಂಕಲ್ ಗೇಟಿನಲ್ಲಿ ನಿಂತು ಹೇಳುವಾಗ, ಒಳಗಿನಿಂದ ಆಂಟಿಯ ದನಿ ಬರುತ್ತದೆ: “ಆ ಕಾನೂನು ನಾವು ಈಗಿಂದ್ಲೇ ಪಾಲಿಸ್ತಾ ಇದೀವಿ.”

ಏರೋ ಇಂಡಿಯಾ ಪ್ರದರ್ಶನ ಬಂದಾಗ ಯಲಹಂಕವೆಲ್ಲ ಟೆರೇಸಿನ ಮೇಲಿರುತ್ತದೆ. ಯುದ್ಧವಿಮಾನಗಳು ಮನೆಯ ನೀರಿನ ಟ್ಯಾಂಕು ಅದುರುವಂತೆ ಹಾದುಹೋಗುತ್ತವೆ. ಅಂಕಲ್ ಕಾರಿನ ಕೆಳಗಿನಿಂದ ಏಳುವುದಿಲ್ಲ. “ಅದಕ್ಕೆಲ್ಲ ಕಂಪ್ಯೂಟರ್ ಇದೆ ಕಣ್ರೀ. ಇದಕ್ಕೆ ಕೈ ಬೇಕು.”

ಆದರೆ ಗೇಟಿನಲ್ಲಿ ಯಾರಾದರೂ ನಿಂತರೆ ತಕ್ಷಣ ಏಳುತ್ತಾರೆ. ನಿಲ್ಲದವರು ಯಾರು? ವಾಕಿಂಗ್ ಹೋಗುವವರು, ಪೇಪರ್ ಹಾಕುವ ಹುಡುಗ, ಗ್ಯಾಸ್ ಸಿಲಿಂಡರಿನವನು, ಎಲ್ಲರಿಗೂ ಪ್ರವೇಶ ಉಚಿತ, ಉಪನ್ಯಾಸವೂ ಉಚಿತ. ಸ್ಟೇರಿಂಗ್ ಪಕ್ಕದ ಗೇರನ್ನು ಹಾಕಿ ತೋರಿಸುತ್ತಾರೆ, ಚೋಕ್ ಎಳೆದು ತೋರಿಸುತ್ತಾರೆ. ಕಾರ್ಖಾನೆಯವರು ಹಾರ ಹಾಕಿ, ಶಾಲು ಹೊದಿಸಿ, ಮನೆಗೆ ತಂದು ಬಿಟ್ಟುಹೋದ ಮೇಲೆ “ಎಲ್ಲಿಗೆ ಬಂತು ಸಾರ್ ಕೆಲಸ?” ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಈಗ ಹಾಲಿನವನೂ ಕೇಳುತ್ತಾನೆ. ಈ ಪ್ರಶ್ನೆಗೆ ಹೋಲಿಸಿದರೆ ಪಿಂಚಣಿ ಏನೂ ಅಲ್ಲ.

ಹೀಗಿರುವಾಗ ಒಂದು ದಿನ ಭಾಯ್ ಕಾರನ್ನು ಸ್ಟಾರ್ಟ್ ಮಾಡಿಯೇಬಿಟ್ಟರು. ಬಿಳಿ ಹೊಗೆ ಬಂತು, ಕಪ್ಪು ಹೊಗೆ ಬಂತು, ಆಮೇಲೆ 1089 ಸಿಸಿ ಎಂಜಿನ್ ಹದವಾಗಿ ಗುಟುರು ಹಾಕತೊಡಗಿತು. ನಿಂಬೆಹಣ್ಣು, ಕುಂಬಳಕಾಯಿ, ಆರತಿ ಎಲ್ಲ ಆಗಿ ಸವಾರಿ ಹೆಬ್ಬಾಳದ ಕಡೆ ಹೊರಟಿತು. ಮಧ್ಯಾಹ್ನದ ಬಿಸಿಲಿಗೆ ಫ್ಲೈಓವರ್ ಮೇಲೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಕಾರು ನಿಂತಿತು. ಒಂದು ಅನುಕೂಲವೆಂದರೆ, ಹೆಬ್ಬಾಳದಲ್ಲಿ ಕಾರು ಕೆಟ್ಟು ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಚೆನ್ನಾಗಿರುವ ಕಾರುಗಳೂ ನಿಂತೇ ಇರುತ್ತವೆ. ಭಾಯ್ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದರು. ಅದು ಆಂಟಿಯ ಕರವಸ್ತ್ರ. ಮುಂದಿನವರು ಒಂದಡಿ ಸರಿಯುವುದರೊಳಗೆ ಪಂಪು ತಣ್ಣಗಾಗಿ ಕಾರು ಮತ್ತೆ ಹೊರಟಿತು.

ಅಲ್ಲಿಂದ ಯಡವಟ್ಟು ಶುರುವಾಯಿತು. ಕಾರು ಚೆನ್ನಾಗಿ ಓಡತೊಡಗಿತು. ದೇವಸ್ಥಾನಕ್ಕೆ ಹೋಯಿತು, ತರಕಾರಿಗೆ ಹೋಯಿತು, ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಂಡರು. ಆಮೇಲೆ ಗೇಟಿನಲ್ಲಿ ನಿಲ್ಲುವವರು ಕಮ್ಮಿಯಾದರು. ಓಡುವ ಕಾರಿನ ಬಗ್ಗೆ ಕೇಳುವುದೇನಿರುತ್ತದೆ? ಹಾಲಿನವನು ಹಾಲು ಹಾಕಿ ಸುಮ್ಮನೆ ಹೋಗತೊಡಗಿದ. ಅಂಕಲ್ ಪೇಪರನ್ನು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಓದಿದರು.

ಮುಂದಿನ ವಾರವೇ ಬಾನೆಟ್ ಎದ್ದಿತು. “ಒಂದು ಸಣ್ಣ ಸೌಂಡ್ ಬರ್ತಿದೆ” ಎಂದು ಭಾಯ್‌ಗೆ ಫೋನ್ ಹೋಯಿತು. ಭಾಯ್ ಬಂದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಎಲ್ಲ ಕಡೆ ಆಲಿಸಿ ತಲೆಯಾಡಿಸಿದರು. “ಏನೂ ಇಲ್ಲ ಸಾರ್. ಗಾಡಿ ಫಸ್ಟ್‌ಕ್ಲಾಸ್ ಐತೆ.”

ಆಂಟಿ ಕಾಫಿ ಹಿಡಿದು ಓಡಿಬಂದು ಭಾಯ್ ಕಿವಿಯ ಹತ್ತಿರ ಪಿಸುಗುಟ್ಟಿದರು: “ಇದೆ ಅಂತ ಹೇಳಿ ಭಾಯ್. ಇಲ್ಲದಿದ್ರೆ ಇವರು ನನ್ನ ಮಿಕ್ಸಿ ಬಿಚ್ತಾರೆ.”