ಬಂಡಿ ಎತ್ತೂಕಿಂತ ಮೊದಲ ಎಣಿಸ್ರಿ

ಅಕ್ಕಾರ, ಕೈ ಈ ಕಡೆ ಚಾಚ್ರಿ, ಮಿರ್ಚಿ ಇನ್ನೂ ಬಿಸಿ ಅದಾವ. ಮಂಡಾಳ ಒಗ್ಗರಣಿನೂ ಕಟ್ಟಿಸ್ಕೊಂಡು ಬಂದೀನಿ. ತಿನ್ಕೋತ ಕೇಳ್ರಿ, ನಿನ್ನೆ ನೀವು ಅಂದ ಮಾತು ನನ್ನ ತಲಿಯಿಂದ ಹೋಗವಲ್ದು. "ಈ ಬಂಡಿಯವರನ್ನ, ಟಾಟಾ ಏಸ್ ಹೋಟೆಲ್‌ನವರನ್ನ ಒಂದ ದಿನದಾಗ ಎತ್ತಿ ಒಗದ್ರ ಊರು ಸುದ್ದ ಆಗ್ತೈತಿ" ಅಂದ್ರಲ್ಲ.

ರಸ್ತೆಗೆ ಅಡ್ಡ ನಿಲ್ತಾರ ಅಂತ ನೀವು ಹೇಳಿದ್ದು ಖರೆ, ಇಲ್ಲನ್ನಂಗಿಲ್ಲ. ನಮ್ಮ ಮಸ್ಕಿ ನಡುವ ಹಾದು ಹೋಗೋದು 150ಎ ರಾಷ್ಟ್ರೀಯ ಹೆದ್ದಾರಿ. ಲಿಂಗಸೂಗೂರಿಂದ ಬರೋ ಬಸ್ಸು, ಸಿಂಧನೂರಿನ ಭತ್ತದ ಲಾರಿ, ಎಲ್ಲಾಕೂ ಅದ ದಾರಿ. ಬಸ್ಸು ಹೊಳ್ಳೋ ತಿರುವಿನ್ಯಾಗ ಗಾಡಿ ಹಚ್ಚಿ ಎಣ್ಣಿ ಕಾಸಿದ್ರ ಸಾಲಿ ಹುಡುಗರು ಎಲ್ಲಿಂದ ನಡೀಬೇಕು? ಅಲ್ಲಿ ನಿಲ್ಲಬಾರದು, ಅದು ನನ್ನದೂ ಮಾತು. ಆದ್ರ ಎಲ್ಲಿ ನಿಲ್ಲಬೇಕು ಅಂತ ತೋರಿಸೋರು ಯಾರ್ರೀ? ಜಾಗ ತೋರಿಸದ "ತೆಗಿ, ತೆಗಿ" ಅಂದ್ರ ಇಲ್ಲಿ ಎದ್ದಾಂವ ನಾಳೆ ಇನ್ನೊಂದು ತಿರುವಿನ್ಯಾಗ ನಿಲ್ತಾನ. ಹೊಟ್ಟಿ ಸುಮ್ನ ಕೂಡ್ರಲಿಕ್ಕೆ ಬಿಡಂಗಿಲ್ಲ.

ಇದಕ್ಕ ಕಾನೂನು ಐತಿ. 2014ರಾಗ ಬಂದದ್ದು, ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಒಂದ ಕಡೆ ಕೂತು ಮಾರೋರು, ತಳ್ಳೋ ಬಂಡಿಯವರು, ಓಣಿ ಓಣಿ ಸುತ್ತಿ ಮಾರೋರು, ಎಲ್ಲಾರೂ ಅದರಾಗ ಬರ್ತಾರ. ಆ ಕಾಯ್ದೆ ಹೇಳೋ ಮೊದಲನೇ ಕೆಲಸ ಎಣಿಸೋದು. ಐದು ವರ್ಷಕ್ಕ ಒಮ್ಮೆಯಾದ್ರೂ ಸಮೀಕ್ಷೆ ಮಾಡಬೇಕು. ಊರಿನ ಜನಸಂಖ್ಯೆದಾಗ ಶೇ. 2.5ರಷ್ಟು ಮಂದಿ ತನಕ ವ್ಯಾಪಾರಕ್ಕ ಜಾಗ ಮಾಡಿಕೊಡಬೇಕು, ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಎಲ್ಲಾರ ಕೈಗೆ ಬರೋ ತನಕ ಯಾರನ್ನೂ ಎಬ್ಬಿಸಂಗಿಲ್ಲ ಅಂತ ಮೂರನೇ ಕಲಮಿನ್ಯಾಗ ಚೊಕ್ಕ ಬರದಾರ. ಆಮ್ಯಾಲೂ ಎಬ್ಬಿಸೋದಿದ್ರ 30 ದಿನದ ನೋಟಿಸು ಕೊಡಬೇಕು.

ಇದು ಪುಸ್ತಕದ ಮಾತು ಅನ್ಬ್ಯಾಡ್ರಿ. ನಮ್ಮ ಚಿಗವ್ವನ ಮಗ ಬ್ಯಾರೆ ಊರಾಗ ಇಡ್ಲಿ ಬಂಡಿ ಇಟ್ಟಾನ, ಯಾವ ಊರಂತ ಹೇಳೂದು ಬ್ಯಾಡ. ಒಂದಿನ ನಸಿಕಿನ್ಯಾಗ ಬಂದು ಬಂಡಿ, ಸ್ಟೋವು, ಎರಡು ಕೊಳಗ ಹಿಟ್ಟು, ಚಟ್ನಿ ಡಬ್ಬಿ ಎಲ್ಲಾ ಟ್ರಾಕ್ಟರಿಗೆ ಹೇರಿದ್ರು. ಏನೇನು ಒಯ್ದಾರ ಅಂತ ಒಂದು ಚೀಟಿ ಕೊಡಲಿಲ್ಲ. ದಿನಾ ಹೋಗಿ ಬಾಗಲಾ ಕಾದಾನ. ಬಂಡಿ ಕೈಗೆ ಬಂದಾಗ ಹಿಟ್ಟು ಹುಳಿತು ಉಕ್ಕಿ ಕೊಳಗದ ಹೊರಗೆಲ್ಲ ಒಣಗಿ ಹೆಕ್ಕಳಿ ಎದ್ದಿತ್ತಂತ. ಅವನ ಹೆಂಡ್ತಿ ಅದನ್ನ ತಿಕ್ಕೋತ ಕೂತು ಅತ್ತಾಳ. ಕಾಯ್ದೆ ಏನ್ ಹೇಳ್ತೈತಿ? ಜಪ್ತಿ ಮಾಡಿದ ಸಾಮಾನಿನ ಪಟ್ಟಿ ಸಹಿ ಹಾಕಿ ಅಲ್ಲೇ ಕೊಡಬೇಕು. ಕೇಳಲಿಕ್ಕೆ ಬಂದ್ರ ಕೆಡೋ ಮಾಲು ಅವತ್ತ, ಕೆಡದ ಮಾಲು ಎರಡು ಕೆಲಸದ ದಿನದಾಗ ಹೊಳ್ಳಿ ಕೊಡಬೇಕು. ಅವನಿಗೆ ಇದು ಗೊತ್ತಿರಲಿಲ್ಲ. ಕಿಸೇದಾಗ ಪ್ರಮಾಣಪತ್ರನೂ ಇರಲಿಲ್ಲ, ಯಾಕಂದ್ರ ಅವನನ್ನ ಎಣಿಸಿದವರ ಇಲ್ಲ.

ಎಣಿಕಿಗೆ ಸಿಗದವರಿಗೆ ಸಾಲಕ್ಕೂ ತ್ರಾಸ ನೋಡ್ರಿ. 2020ರ ಜೂನ್‌ನ್ಯಾಗ ಪಿಎಂ ಸ್ವನಿಧಿ ಬಂತಲ್ಲ, ಆಗ ಮೊದಲ ಕಂತು 10,000 ರೂಪಾಯಿ ಇತ್ತು, ತೀರಿಸಿದ್ರ ಮುಂದ 20,000. ಪ್ರಮಾಣಪತ್ರ ಇಲ್ಲಾ ವ್ಯಾಪಾರಿ ಕಾರ್ಡು ಇದ್ದವರು ನೆಟ್ಟಗ ಬ್ಯಾಂಕಿಗೆ ಹೋದ್ರು. ಇಲ್ಲದವರು ಶಿಫಾರಸು ಪತ್ರಕ್ಕ ಕಚೇರಿ ಮೆಟ್ಟಲಾ ಹತ್ತಿ ಇಳಿಬೇಕಾತು.

ಏನಂದ್ರಿ? ಸ್ವಚ್ಛತಾ? ಅದರಾಗ ನಾ ಅವರ ಪರ ಮಾತಾಡಂಗಿಲ್ಲ. ಬಿಗಿ ಇರಬೇಕು. 2024ರ ಮಾರ್ಚ್‌ನ್ಯಾಗ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ನಿಷೇಧ ಮಾಡ್ತು, ಜೂನ್‌ನ್ಯಾಗ ಕಬಾಬಿಗೂ ಹಚ್ಚಿತು. ಚಲೋ ಕೆಲಸ. ಕೆಂಪ ರಕ್ತಧಂಗ ಇದ್ದ ಗೋಬಿ ಮಕ್ಕಳ ಹೊಟ್ಟಿಗೆ ಯಾಕ ಹೋಗಬೇಕು? ಮಿರ್ಚಿ ಪೇಪರಿನ್ಯಾಗ ಕಟ್ಟೂದೂ ತಪ್ಪ. ಎಣ್ಣಿಗೆ ಶಾಯಿ ಬಿಟ್ಟು ಹೊಟ್ಟಿ ಸೇರ್ತೈತಿ. ಅದಕ್ಕ ನಾ ಮನಿಯಿಂದ ಡಬ್ಬಿ ಒಯ್ತೀನಿ. ಕರದ ಎಣ್ಣಿನ ಮತ್ತ ಮತ್ತ ಕಾಸೂದು, ಮನಿ ಸಿಲಿಂಡರ್ ಬಂಡಿಗೆ ಹಚ್ಚೂದು, ಇವೆಲ್ಲಾ ನಿಲ್ಲಬೇಕು. ಟಾಟಾ ಏಸ್‌ದವರು ಗಾಡಿ ಕೊಯ್ದು ಅಡಿಗಿಮನಿ ಮಾಡ್ಕೋಬೇಕಾದ್ರ ಆರ್‌ಟಿಒ ಒಪ್ಪಿಗಿ ತಗೋಬೇಕು.

ಆದ್ರ ಅಕ್ಕಾರ, ಕೈ ತೊಳಿ ಅನ್ನೋರು ನಳಾನೂ ಕೊಡಬೇಕಲ್ಲ? ಬಿಂದಿಗಿ ನೀರಿನ್ಯಾಗ ಇಡೀ ಸಂಜಿ ತಾಟು ತೊಳಿಯೋ ಹೆಣಮಗಳಿಗೆ ದಂಡ ಹಾಕಿದ್ರ ಆ ನೀರು ತಿಳಿ ಆಗಂಗಿಲ್ಲ. ಒಂದು ಜಾಗ ಗೊತ್ತು ಮಾಡಿ, ನಳ, ಲೈಟು, ಗಟಾರು, ಕಸದ ಡಬ್ಬಿ ಕೊಟ್ಟು, ಆಮ್ಯಾಲ ಹೊಲಸು ಮಾಡಿದವರಿಗೆ ದಂಡ ಜಡೀಲಿ. ನಾನ ಸಾಕ್ಷಿ ಹೇಳ್ತೀನಿ.

ಆ ಜಾಗ ಯಾವುದು ಅಂತ ಕೂತು ಮಾತಾಡೋದು ಪಟ್ಟಣ ವ್ಯಾಪಾರ ಸಮಿತಿ. ಕಾಯ್ದೆದಾಗ ನನಗ ಭಾಳ ಮನಸಿಗೆ ಬಂದದ್ದು ಇದ. ಅಧ್ಯಕ್ಷರು ಪುರಸಭೆ ಮುಖ್ಯಾಧಿಕಾರಿ. ಸದಸ್ಯರೊಳಗ ಶೇ. 40ಕ್ಕ ಕಡಿಮಿ ಇಲ್ಲಧಂಗ ವ್ಯಾಪಾರಿಗಳ ಇರಬೇಕು, ಅವರ ಅವರೊಳಗ ಆರಿಸಿ ಬರಬೇಕು, ಅವರಾಗ ಮೂರರಾಗ ಒಂದು ಪಾಲು ಹೆಣಮಕ್ಕಳು. ಯಾವ ಹೊತ್ತಿಗೆ ಯಾವ ಬಸ್ಸು ಬರ್ತೈತಿ, ಬ್ಯಾಸಗ್ಯಾಗ ನೆರಳು ಎಲ್ಲಿ ಬೀಳ್ತೈತಿ, ಮಳಿ ನೀರು ಎಲ್ಲಿ ನಿಲ್ತೈತಿ ಅನ್ನೋದು ಮಿರ್ಚಿ ಮಾರೋ ಆಕಿಗೆ ಗೊತ್ತಿದ್ದಷ್ಟು ನಕಾಶೆ ತಗದವರಿಗೆ ಗೊತ್ತಿರಂಗಿಲ್ಲ. ಆಕಿನೂ ಖುರ್ಚಿ ಮ್ಯಾಲ ಕೂತು ಹೇಳಲಿ.

ಸಣ್ಣವರನ್ನೂ ಲೆಕ್ಕಕ್ಕ ಹಿಡಿಯೋದು ನಮ್ಮೂರಿಗೆ ಹೊಸದಲ್ಲ. ನಮ್ಮ ಮಸ್ಕಿ ಗುಡ್ಡದ ಶಾಸನ 1915ರಾಗ ಸಿಕ್ಕಾಗ ಅಶೋಕ ಅನ್ನೋ ಹೆಸರು ಇದ್ದ ಮೊದಲನೇ ಶಾಸನ ಅಂತ ಜಗತ್ತೆಲ್ಲ ಹೆಸರಾತು. ಅದರ ಒಳಗಿನ ಮಾತು ಯಾರೂ ಹೇಳಂಗಿಲ್ಲ. ಧರ್ಮದ ದಾರಿ ದೊಡ್ಡವರಿಗಷ್ಟ ಅಲ್ಲ, ಸಣ್ಣವರೂ ಮುಟ್ಟಬಹುದು, ಇಬ್ಬರಿಗೂ ತಿಳಿಸಿ ಹೇಳ್ರಿ ಅನ್ನೋದು ಅದರ ತಾತ್ಪರ್ಯ. ಅಂಥ ಊರಿನ್ಯಾಗ ಇದೀವಿ ನಾವು.

ಸೋಮವಾರ ಪುರಸಭೆಗೆ ಹೋಗೂನ್ರಿ. ಸಮೀಕ್ಷೆ ಯಾವಾಗ ಆಗೈತಿ, ಎಷ್ಟು ಮಂದಿಗೆ ಪ್ರಮಾಣಪತ್ರ ಸಿಕ್ಕಾವ, ಸಮಿತಿಯಾಗ ಯಾರ್ಯಾರು ಅದಾರ, ಇಷ್ಟ ಕೇಳೋ ಅರ್ಜಿ ನಾ ಬರೀತೀನಿ. ಬಾಯಿ ಮಾತಿಗೆ ಹೇಳದಿದ್ರ ಮಾಹಿತಿ ಹಕ್ಕು ಐತಿ, ಹತ್ತು ರೂಪಾಯಿ ಖರ್ಚು, 30 ದಿನದಾಗ ಉತ್ತರ ಕೊಡಬೇಕು. ಓಣಿಯ ನಾಕು ಮಂದಿ ಸಹಿ ಹಾಕ್ರಿ, ನಿಮ್ಮದೂ ಇರಲಿ. ಬಸ್ಸಿನ ತಿರುವಿನ್ಯಾಗ ಯಾರೂ ನಿಲ್ಲಬಾರದು ಅನ್ನೋದನ್ನ ನೀವ ಮುಂದ ನಿಂತು ಹೇಳ್ರಿ, ನಾ ಬಾಜೂಕ ಇರ್ತೀನಿ.