ಪದ್ಮಿನಿಯ ಹೊಟ್ಟೆಯೊಳಗೆ ನಿಸಾನ್

ನಮ್ಮ ಮನೆಯಲ್ಲಿ ಇಟಲಿಯ ಸ್ಪೋರ್ಟ್ಸ್ ಕಾರಿದೆ ಎಂದು ಹೇಳಿಕೊಂಡು ತಿರುಗುವ ಚಟ ನನಗೆ ಹತ್ತಿ ಮೂವತ್ತು ವರ್ಷವಾಯಿತು. ಕೇಳಿದವರಲ್ಲಿ ಕೆಲವರು ಪುಣೆಯ ಶಿವಾಜಿನಗರದ ನಮ್ಮ ಸೊಸೈಟಿಯ ಪಾರ್ಕಿಂಗಿನವರೆಗೂ ಬಂದಿದ್ದಾರೆ. ನಾನು ಮದುವೆಮನೆಯಲ್ಲಿ ಅಂತರಪಟ ಸರಿಸುವವನ ಗಾಂಭೀರ್ಯದಿಂದ ಹೊದಿಕೆ ಸರಿಸುತ್ತೇನೆ. ಒಳಗೆ 1974ರ ಪ್ರೀಮಿಯರ್ ಪದ್ಮಿನಿ ನಿಂತಿರುತ್ತಾಳೆ. ಬಂದವರು ಆಮೇಲೆ ಕಾರಿನ ಮಾತೆತ್ತುವುದಿಲ್ಲ. ‘ಈಗೀಗ ನಿದ್ದೆ ಸರಿಯಾಗಿ ಬರುತ್ತದೆ ತಾನೆ?’ ಎಂದು ನನ್ನನ್ನೇ ವಿಚಾರಿಸುತ್ತಾರೆ.

ನಾನು ಸುಳ್ಳು ಹೇಳುತ್ತಿರಲಿಲ್ಲ, ನೆಂಟಸ್ತನವನ್ನು ಸ್ವಲ್ಪ ಎಳೆಯುತ್ತಿದ್ದೆ, ಅಷ್ಟೆ. ಪದ್ಮಿನಿಯ ತವರು ಇಟಲಿ. ಫಿಯಟ್ 1100 ಎಂಬ ಕಾರನ್ನು ವಾಲ್‌ಚಂದ್ ಹೀರಾಚಂದರು ಕಟ್ಟಿದ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. ಐವತ್ತರ ದಶಕದ ಗುಂಡು ಮೂತಿಯ ಮಾಡೆಲ್ಲಿಗೆ ಈ ಕಡೆಯ ಜನ ಇಟ್ಟ ಹೆಸರು ‘ಡುಕ್ಕರ್ ಫಿಯಟ್’, ಅಂದರೆ ಹಂದಿ ಫಿಯಟ್. 1964ರಲ್ಲಿ ಅದು ಡಿಲೈಟ್ ಆಯಿತು, 1972ರಲ್ಲಿ ಪ್ರೆಸಿಡೆಂಟ್, 1974ರಲ್ಲಿ ಚಿತ್ತೋಡದ ರಾಣಿಯ ಹೆಸರಿಟ್ಟುಕೊಂಡು ಪದ್ಮಿನಿ. ಹಂದಿಯಿಂದ ರಾಷ್ಟ್ರಪತಿ, ರಾಷ್ಟ್ರಪತಿಯಿಂದ ರಾಣಿ. ಇಂಥ ಬಡ್ತಿ ಯಾವ ಸರಕಾರಿ ನೌಕರನಿಗೂ ಸಿಕ್ಕಿದ್ದು ನಾನು ಕಂಡಿಲ್ಲ. ಇದೇ 1100ರ ಮೇಲೆ ಫಿಯಟ್ ಕಂಪನಿ 1955ರಲ್ಲಿ ಟ್ರಾಸ್ಫಾರ್ಮಾಬಿಲೆ ಎಂಬ ಎರಡು ಸೀಟಿನ, ನೆತ್ತಿ ಮಡಚುವ ಷೋಕಿ ಕಾರನ್ನೂ ಮಾಡಿತ್ತು. ಅಂದಮೇಲೆ ನಮ್ಮವಳು ಅದರ ದೊಡ್ಡಪ್ಪನ ಮಗಳಾದರೂ ಆಗಬೇಕಲ್ಲ?

ಗಾಡಿ ಅಪ್ಪನದು. ಧಾರವಾಡದಲ್ಲಿ ವಕೀಲಿಕೆ ಮಾಡುತ್ತ, ವರ್ಷಗಟ್ಟಲೆ ಪಾಳಿ ಹಚ್ಚಿ ಕೊಂಡದ್ದು. ಅದರ ಸ್ವಭಾವ ಮನೆಮಂದಿಗೆಲ್ಲ ಬಾಯಿಪಾಠ. ಬೇಸಿಗೆಯಲ್ಲಿ ಎಂಜಿನ್ನಿನ ಪಂಪಿನೊಳಗೇ ಪೆಟ್ರೋಲು ಆವಿಯಾಗಿ, ಗಾಡಿ ನಡುದಾರಿಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಆಗ ಅಪ್ಪ ಬಾನೆಟ್ ಎತ್ತಿ, ಜ್ವರ ಬಂದ ಮಗುವಿನ ಹಣೆಗೆ ಹಾಕಿದಂತೆ, ಆ ಪುಟ್ಟ ಪಂಪಿನ ಮೇಲೆ ಒದ್ದೆ ಪಂಚೆಯ ತುಂಡು ಹಾಕುತ್ತಿದ್ದರು. ಹತ್ತು ನಿಮಿಷ ಯಾರೂ ಮಾತಾಡಬಾರದು. ಪುಣೆಯ ಹಾದಿಯ ಖಂಬಾಟ್ಕಿ ಘಾಟಿನಲ್ಲಿ ರೇಡಿಯೇಟರ್ ಕುದಿಯುವುದು ಎಷ್ಟು ಖಾತ್ರಿಯಾಗಿತ್ತೆಂದರೆ, ಅವ್ವ ಬುತ್ತಿ ಬಿಚ್ಚುವ ಜಾಗವನ್ನೂ ಅಲ್ಲೇ ಗೊತ್ತು ಮಾಡಿದ್ದಳು. ಗೇರು ಸ್ಟೇರಿಂಗಿನ ಕತ್ತಿಗೇ ಅಂಟಿಕೊಂಡ ಒಂದು ಕೋಲು. ಮುಂದಿನದು ಒಂದೇ ಉದ್ದ ಸೀಟು. ಅದರಲ್ಲಿ ಮೂವರು ಕೂತು, ಮಧ್ಯದವನ ಮಂಡಿಗೆ ಪೆಟ್ಟಾಗದಂತೆ ಗೇರು ಹಾಕುವವನೇ ನಿಜವಾದ ಡ್ರೈವರ್ ಎಂಬುದು ಅಪ್ಪನ ಸಿದ್ಧಾಂತ.

ನನಗೆ ಪುಣೆಯಲ್ಲಿ ನೌಕರಿಯಾಗಿ ಮಾಡೆಲ್ ಕಾಲನಿಯಲ್ಲಿ ಮನೆ ಹಿಡಿದ ಮೇಲೆ ಪದ್ಮಿನಿಯೂ ಹಿಂದೆಯೇ ಬಂದಳು. ಶಿವಾಜಿನಗರ ಕನ್ನಡಿಗನಿಗೆ ಪರಸ್ಥಳವೆಂದು ಅನಿಸದ ಜಾಗ. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಉಡುಪಿಯ ಕಡೆಯಿಂದ ಬಂದ ಜಗನ್ನಾಥ ಶೆಟ್ಟರ ‘ವೈಶಾಲಿ’, ಜಂಗಲಿ ಮಹಾರಾಜ್ ರಸ್ತೆಯಲ್ಲಿ ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹಾಲಯ. ನಮ್ಮವರು 8ನೇ ಶತಮಾನದಲ್ಲೇ ಇಲ್ಲಿಗೆ ಬಂದು ಇಡೀ ಬಂಡೆ ಕೊರೆದಿದ್ದಾರೆ. ಕೊರೆಯುವಾಗ ಒಂದು ಗಾಡಿ ನಿಲ್ಲುವಷ್ಟು ಜಾಗ ಬಿಟ್ಟಿದ್ದರೆ ನನ್ನ ಭಾನುವಾರಗಳು ಇನ್ನಷ್ಟು ಸುಖವಾಗಿರುತ್ತಿದ್ದವು.

2008ರ ಹೊತ್ತಿಗೆ ಎಂಜಿನ್ ಕೈಬಿಟ್ಟಿತು. ಎರಡು ಸಲ ಬೋರ್ ಹೊಡೆಸಿದ್ದಾಗಿತ್ತು. ಪೆಟ್ರೋಲಿಗಿಂತ ಆಯಿಲ್ ಹೆಚ್ಚು ಕುಡಿಯುತ್ತಿತ್ತು. ಶಿವಾಜಿನಗರದಲ್ಲೇ ಇರುವ, ಸಿಮ್ಲಾ ಆಫೀಸೆಂದು ಕರೆಯುವ ಹವಾಮಾನ ಇಲಾಖೆಯ ಕಚೇರಿಯ ಎದುರು ನಾನು ಹಾಯ್ದ ದಿನಗಳಲ್ಲಿ ‘ಮೋಡ ಕವಿದ ವಾತಾವರಣ’ ಎಂದು ಅವರು ಬರೆದುಕೊಂಡಿದ್ದರೆ ಅದರಲ್ಲಿ ನನ್ನ ಪಾಲೂ ಇದೆ.

ವಾಕಡೇವಾಡಿಯ ಕಡೆಗಿನ ಒಂದು ಓಣಿಯಲ್ಲಿ ನಮ್ಮ ಮಿಸ್ತ್ರಿಯ ಗ್ಯಾರೇಜು. ಬಾಗಿಲಿಗೆ ಅಸಲಿ ಪುಣೇರಿ ಪಾಟಿ, ಅಂದರೆ ಪುಣೆಯವರ ಖಡಕ್ ಮಾತಿನ ಬೋರ್ಡು: ‘ಗಾಡಿಯ ಬಗ್ಗೆ ನಮಗಿಂತ ಹೆಚ್ಚು ಗೊತ್ತಿರುವವರು ದಯವಿಟ್ಟು ತಾವೇ ರಿಪೇರಿ ಮಾಡಿಕೊಳ್ಳಬೇಕು. 1ರಿಂದ 4ರವರೆಗೆ ಯಾರದೇ ಗಾಡಿ ಕೆಟ್ಟರೂ ಏಳುವುದಿಲ್ಲ.’ ನಾನು 4 ಗಂಟೆ 5 ನಿಮಿಷಕ್ಕೆ ಹೋದೆ. ಮಿಸ್ತ್ರಿ ಡಿಪ್‌ಸ್ಟಿಕ್ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಪಾಕ ನೋಡಿದಂತೆ ನೋಡಿ, ‘ಗೇಲಂ’ ಅಂದ. ಹೋಯಿತು. ಮರಾಠಿಯಲ್ಲಿ ಸಾವಿನ ಸುದ್ದಿಗೂ ಕರೆಂಟ್ ಹೋದದ್ದಕ್ಕೂ ಒಂದೇ ಪದ.

ಸುದ್ದಿ ಹಬ್ಬಿದ್ದೇ ತಡ, ಸಲಹೆಗಳು ಬಂದವು. ನಮ್ಮ ಸೋದರಮಾವ ಬೆಳಗಾವಿಯವರು. ಅಲ್ಲಿ ಸೈಕಲ್ ಮಾರುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಹಾಕಿದ್ದು ತಮ್ಮ ಸ್ವಂತ ಸಾಧನೆ ಎಂಬಂತೆ ಮಾತಾಡುವವರು. ‘ಕಿರ್ಲೋಸ್ಕರ್ ಹಾಕಿಸಿಬಿಡು. ಗಾಡಿ ಓಡದಿದ್ದರೂ ಹೊಲಕ್ಕ ನೀರಾದರೂ ಹಾಯಿಸ್ತದ’ ಅಂದರು. ಮಿಸ್ತ್ರಿಯ ಅಳಿಯ ಹೊಸಕಾಲದ ಹುಡುಗ; ಮಲ್ಟಿಜೆಟ್ ಹಾಕೋಣ ಅಂದ. ಅದು ಫಿಯಟ್ ಕಂಪನಿಯದೇ 1248 ಸಿಸಿ ಡೀಸೆಲ್ ಎಂಜಿನ್. ಹಿಂದಿನ ವರ್ಷವಷ್ಟೇ ಮಾರುತಿಯವರು ಅದನ್ನು ಸ್ವಿಫ್ಟಿನೊಳಗೆ ಕೂರಿಸಿದ್ದರು. ಅಂದರೆ ಇಟಲಿಯ ಹೃದಯ ಜಪಾನಿನ ಮೈಗೆ. ಕೊನೆಗೆ ನಾನು ಮಾಡಿದ್ದು ಅದರ ಉಲ್ಟಾ, ಜಪಾನಿನ ಹೃದಯ ಇಟಲಿಯ ಮೈಗೆ. ನಮ್ಮ ಕಡೆ ಇದಕ್ಕೆ ಕೊಟ್ಟು ತರುವ ಸಂಬಂಧ ಅನ್ನುತ್ತಾರೆ. ಎರಡೂ ಮನೆಯವರು ಜನ್ಮವಿಡೀ ತಮಗೇ ಮೋಸವಾಯಿತು ಎಂದುಕೊಂಡಿರುತ್ತಾರೆ.

ಆ ಜಪಾನಿ ಹೃದಯ ಸಿಕ್ಕಿದ್ದು 118ಎನ್‌ಇ ಎಂಬ ಕಾರಿನಿಂದ. 1985ರಲ್ಲಿ ಪ್ರೀಮಿಯರಿನವರೇ ಹೊರತಂದದ್ದು. ಮೈ ಇಟಲಿಯ ಫಿಯಟ್ 124ರದು, ಅದೂ ಸ್ಪೇನಿನ ಸೀಟ್ ಕಂಪನಿಯ ದಾರಿಯಾಗಿ ಬಂದದ್ದು. ಒಳಗಿನದು ನಿಸಾನಿನ 1171 ಸಿಸಿ ಎಂಜಿನ್. ಹೆಸರಿನ ‘ಎನ್‌ಇ’ ಅಂದರೆ ನಿಸಾನ್ ಎಂಜಿನ್ ಎಂದೇ ಎಲ್ಲರೂ ಬಿಡಿಸುತ್ತಿದ್ದರು. ಅಂದರೆ ಕಂಪನಿಯೇ ಎದೆ ಬದಲಿಸಿ ಮಾರಿದ ಕಾರು. ಗುಜರಿಗೆ ಹೊರಟಿದ್ದ ಒಂದನ್ನು ಮಿಸ್ತ್ರಿ ಹುಡುಕಿ ತಂದ. ‘ಲೇಟೆಸ್ಟ್ ಆಹೇ’ ಅಂದ. ಆಮೇಲೆ ತಿಳಿಯಿತು, ಈ ಲೇಟೆಸ್ಟ್ ಜಪಾನಿನಲ್ಲಿ 1970ರಲ್ಲೇ ಡಾಟ್ಸನ್ ಸನ್ನಿಯಲ್ಲಿ ಓಡಾಡಿಕೊಂಡಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಫಿಯಟ್ 124ಕ್ಕೆ ಸ್ಪೋರ್ಟ್ ಸ್ಪೈಡರ್ ಎಂಬ ತಮ್ಮನಿದ್ದಾನೆ, 1966ರಲ್ಲಿ ಹುಟ್ಟಿದವನು, ಪಿನಿನ್‌ಫಾರಿನಾ ಹೊಲಿದ ಅಂಗಿ, ಫೆರಾರಿಯಲ್ಲಿ ದುಡಿದು ಬಂದ ಲ್ಯಾಂಪ್ರೆಡಿ ಮಾಡಿದ ಎಂಜಿನ್ ಎಂದು ಎಲ್ಲೋ ಓದಿದ್ದೆ. ಆ ತಮ್ಮನ ಅಣ್ಣನ ಮನೆಯ ಬಾಡಿಗೆದಾರನ ಎಂಜಿನ್ ನನ್ನ ಗಾಡಿಗೆ ಬರುತ್ತಿದೆ. ಸ್ಪೋರ್ಟ್ಸ್ ಕಾರಿಗೆ ಇನ್ನೇನು ಬೇಕು?

ಕೆಲಸ ವಾರದಲ್ಲಿ ಮುಗಿಯಬೇಕಿತ್ತು, ನಾಲ್ಕು ತಿಂಗಳು ಹಿಡಿಯಿತು. ಎಂಜಿನ್ ಕೂರಿಸುವ ಬ್ರಾಕೆಟ್ಟುಗಳನ್ನು ಹೊಸದಾಗಿ ಬೆಸೆದರು. ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಅಳತೆಗೆ ಇಳಿಸಿದರು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ತೊಡಕಾದದ್ದು ಗೇರು. ನಿಸಾನಿನ ಗೇರುಕೋಲು ನೆಲದಿಂದ ಏಳುತ್ತದೆ, ಪದ್ಮಿನಿಯ ನೆಲದಲ್ಲಿ ಅದಕ್ಕೆ ದಾರಿ ಇಲ್ಲ. ಮಿಸ್ತ್ರಿ ಸೀಮೆಸುಣ್ಣದಿಂದ ವೃತ್ತ ಬರೆದು, ಕೈಮುಗಿದು, ಗ್ಯಾಸ್ ಕಟ್ಟರ್ ಹಚ್ಚಿದ. ವೃತ್ತ ಸ್ವಲ್ಪ ದೊಡ್ಡದಾಯಿತು. ಅದಕ್ಕೆ ಸರಿಯಾದ ಮುಚ್ಚಳ ಸಿಗದೆ, ಕೊನೆಗೆ ನಮ್ಮ ಮನೆಯದೇ ಒಂದು ಸ್ಟೀಲ್ ತಾಟಿಗೆ ನಡುವೆ ತೂತು ಕೊರೆದು ಬೋಲ್ಟ್ ಹಾಕಿದೆವು. ತಾಟಿನ ಅಂಚಿನಲ್ಲಿ ನಮ್ಮ ಅವ್ವನ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ. ಎರಡನೇ ಗೇರಿಗೆ ಹಾಕಿದಾಗ ಕೋಲು ಸರಿಯಾಗಿ ಆ ಹೆಸರಿನ ಕೊನೆಯ ಅಕ್ಷರದ ಮೇಲೆ ಬರುತ್ತದೆ.

ತಾಟು ಕೂರುವ ಮೊದಲು ಒಂದು ವಾರ ತೂತು ತೆರೆದೇ ಇತ್ತು. ಹಾಗೆಯೇ ಓಡಿಸಿದೆ. ಜಂಗಲಿ ಮಹಾರಾಜ್ ರಸ್ತೆಯನ್ನು 1976ರಲ್ಲಿ ಮಾಡಿದ್ದು ರೆಕಾಂಡೋ ಎಂಬ ಕಂಪನಿ. ಹತ್ತು ವರ್ಷ ಗುಂಡಿ ಬೀಳುವುದಿಲ್ಲವೆಂದು ಬರೆದುಕೊಟ್ಟು, ದಶಕಗಳೇ ಕಳೆದರೂ ಬೀಳದೆ ದಂತಕಥೆಯಾದ ರಸ್ತೆ ಅದು. ಪುಣೆಯವರು ಅದನ್ನು ಕಿಟಕಿಯಿಂದ ನೋಡಿ ಹೆಮ್ಮೆಪಡುತ್ತಾರೆ. ನಾನು ಎರಡು ಕಾಲಿನ ನಡುವಿನಿಂದ ನೋಡಿದ್ದೇನೆ, ನಿಜಕ್ಕೂ ಗುಂಡಿ ಇರಲಿಲ್ಲ. ಆ ವಾರ ಹೆಂಡತಿಯ ಒಂದು ಚಪ್ಪಲಿ, ನಿಂಬೆಹಣ್ಣು ಎರಡು ಮತ್ತು ವೈಶಾಲಿಯ ಬಿಲ್ಲು ಆ ರಸ್ತೆಗೆ ಸಂದವು.

ಗಾಡಿ ಓಡಿತು, ಅದೇ ಮೊದಲ ಆಘಾತ. 40 ಕುದುರೆ ಇದ್ದಲ್ಲಿ 52 ಕುದುರೆ, ಒಂದೂ ಕುಂಟುವುದಿಲ್ಲ. ತಿಂಗಳುಗಟ್ಟಲೆ ನನ್ನ ಎಡಗೈ ಸ್ಟೇರಿಂಗಿನ ಪಕ್ಕ ಇಲ್ಲದ ಕೋಲನ್ನು ಹುಡುಕುತ್ತಿತ್ತು. ಪಕ್ಕದ ಸ್ಕೂಟರಿನವರು ನಾನು ಕೈಬೀಸಿದೆನೆಂದು ತಿರುಗಿ ಕೈಬೀಸುತ್ತಿದ್ದರು. ಅಪ್ಪ ಧಾರವಾಡದಿಂದ ಬಂದರು. ಖಂಬಾಟ್ಕಿ ಘಾಟಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಒದ್ದೆ ಪಂಚೆ, ನೀರಿನ ಕೊಡ, ಬುತ್ತಿ ಎಲ್ಲವೂ ಸಿದ್ಧ. ಗಾಡಿ ನಿಲ್ಲಲಿಲ್ಲ. ಘಾಟು ಮುಗಿದು ಸುರೂರು ದಾಟಿ ವಾಯಿಯ ತಿರುವು ಬಂದರೂ ನಿಲ್ಲಲಿಲ್ಲ. ಅಪ್ಪ ಕೊಡದ ನೀರನ್ನು ದಾರಿಬದಿಯ ಒಂದು ಗಿಡಕ್ಕೆ ಸುರಿದು, ‘ಗಾಡಿ ಚಲೋ ಐತಿ. ಆದರ ಯಾರದಿದು?’ ಅಂದರು.

ಕಾಗದಪತ್ರದವರೂ ಅದನ್ನೇ ಕೇಳಿದರು. ಎಂಜಿನ್ ಬದಲಿಸಿದರೆ ಅನುಮತಿ ಪಡೆದು ಆರ್‌ಸಿ ಪುಸ್ತಕದಲ್ಲಿ ಹೊಸ ನಂಬರು ಬರೆಸಬೇಕು. ‘ಮೇಕ್ ಯಾವುದು?’ ‘ಪ್ರೀಮಿಯರ್.’ ‘ಎಂಜಿನ್?’ ‘ಅದೂ ಪ್ರೀಮಿಯರಿನದೇ, ಆದರೆ ನಿಸಾನ್.’ ‘ನಿಸಾನ್ ಅಂದಮೇಲೆ ಪ್ರೀಮಿಯರ್ ಹೇಗೆ?’ ಏಳು ಸಲ ಓಡಾಡಿದೆ. ಮುಂದೆ ನನ್ನ ಬಲಮಂಡಿಗೆ ಆಪರೇಷನ್ ಆಗಿ ಲೋಹದ ಕೀಲು ಬಂತು. ಅದಕ್ಕೆ ಯಾರೂ ನನ್ನ ಆಧಾರ್ ಕಾರ್ಡ್ ಕೇಳಲಿಲ್ಲ, ಯಾವ ದೇಶದ ಮೇಕ್ ಎಂದೂ ಕೇಳಲಿಲ್ಲ. ಅದೇ ಮಂಡಿಯಿಂದ ಅದೇ ಗಾಡಿಯ ಬ್ರೇಕ್ ಒತ್ತುತ್ತೇನೆ.

ಹದಿನೈದು ವರ್ಷ ಹೀಗೆಯೇ ನಡೆಯಿತು. 2023ರ ಅಕ್ಟೋಬರ್ 30ರಂದು ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಆಯುಸ್ಸು ಮುಗಿಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು ನೋಡಿ, ಇದ್ದಕ್ಕಿದ್ದಂತೆ ಜನಕ್ಕೆ ಪದ್ಮಿನಿಯ ಮೇಲೆ ಕರುಳು ಚುರ್ರೆಂದಿತು. ಸಿಗ್ನಲ್ಲಿನಲ್ಲಿ ಫೋಟೋ ತೆಗೆಯುವವರು ಹೆಚ್ಚಾದರು. ಮಗ ಲೆಕ್ಕ ಹಾಕಿ, ‘ಬರುವ ವರ್ಷ ಇದಕ್ಕೆ ಐವತ್ತು. ವಿಂಟೇಜ್ ಆಗುತ್ತದೆ!’ ಅಂದ. 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಐವತ್ತು ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಹೊಸ ನೋಂದಣಿಯಾದರೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪ್ಲೇಟು. ನಾನು ಕುಣಿದಾಡುವುದೊಂದೇ ಬಾಕಿ. ಮಗ ಮುಂದಿನ ಸಾಲು ಓದಿದ: ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ಮಾರ್ಪಡಿಸಿರಬಾರದು.

ಅದೇ ರಾತ್ರಿ, ಸಂಕಟಕ್ಕೆ, ಹಳೆಯ ಎಂಜಿನ್ನಿನ ಬಗ್ಗೆ ಮೊದಲ ಸಲ ಗಂಭೀರವಾಗಿ ಓದಲು ಕೂತೆ. ಚಿಸಿಟಾಲಿಯಾ 202 ಎಂಬ ಇಟಲಿಯ ಸ್ಪೋರ್ಟ್ಸ್ ಕಾರು, 1947ರದು. ಇನ್ನೂರೂ ತಯಾರಾಗಲಿಲ್ಲ. ಅದರ ಚೆಂದಕ್ಕೆ ಮರುಳಾದ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1951ರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿತು, ಮುಂದೆ ಒಂದನ್ನು ತನ್ನ ಸಂಗ್ರಹಕ್ಕೇ ಸೇರಿಸಿಕೊಂಡಿತು. ಆ ಕಾರಿನೊಳಗಿನ ಎಂಜಿನ್? ಫಿಯಟ್ 1100ರದು, ಸ್ವಲ್ಪ ಹುರುಪು ಹೆಚ್ಚಿಸಿದ್ದು. 1089 ಸಿಸಿ. ಪದ್ಮಿನಿಯೊಳಗೆ ಅಪ್ಪನ ಕಾಲದಿಂದ ಇದ್ದದ್ದೂ ಅದೇ ವಂಶ, ಅದೇ 1089. ನನ್ನ ಗಾಡಿಯಲ್ಲಿ ಸ್ಪೋರ್ಟ್ಸ್ ಕಾರು ಅನ್ನುವಂಥದ್ದು ಏನಾದರೂ ಇದ್ದಿದ್ದರೆ ಅದು ಅದೊಂದೇ. ಅದನ್ನು ಚೈನು ಕಟ್ಟಿ ಎತ್ತಿಸಿ ಹೊರಗಿಟ್ಟವನು ನಾನು.

ಈಗ ಅದನ್ನು ಮರಳಿ ಕೂರಿಸುವ ಯೋಚನೆಯಲ್ಲಿದ್ದೇನೆ. ಮಿಸ್ತ್ರಿಯನ್ನು ಕೇಳಿದೆ, ನಾಲ್ಕು ಗಂಟೆಯ ನಂತರವೇ. ‘ಚಾಲೇಲ್’ ಅಂದ. ನಡೆದೀತು. ನೆಲದ ತೂತನ್ನು ಅಧಿಕಾರಿಗಳಿಗೆ ಹೇಗೆ ವಿವರಿಸುವುದೆಂದು ನಾವಿಬ್ಬರೂ ಚರ್ಚಿಸಿಲ್ಲ. ಹೆಂಡತಿ ನಿಯಮವನ್ನು ಪೂರ್ತಿ ಓದಿ ಇನ್ನೊಂದು ಸಂಗತಿ ತೆಗೆದಳು. ವಿಂಟೇಜ್ ಆದ ಮೇಲೆ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ ಸರಿ. ಪೆಟ್ರೋಲ್ ಹಾಕಿಸಲು ಮತ್ತು ರಿಪೇರಿಗೆ ಒಯ್ಯಬಹುದು. ‘ಹಳೇ ಎಂಜಿನ್ ಇದ್ದಾಗ ನಾವು ಮತ್ತೆಲ್ಲಿಗೆ ಒಯ್ದಿದ್ದೇವೆ?’ ಅಂದಳು. ಹಾಗಾಗಿ ಅಡ್ಡಿಯೇನಿಲ್ಲ.

ಎಂಜಿನ್ನಿನ ಬ್ಲಾಕು ಪಾರ್ಕಿಂಗಿನ ಮೂಲೆಯಲ್ಲಿ ಭದ್ರವಾಗಿದೆ. ಕಾರ್ಬ್ಯುರೇಟರು, ಡೈನಮೋ ಮತ್ತು ಸ್ಟೇರಿಂಗಿನ ಗೇರುಕೋಲನ್ನು ಮಾತ್ರ ನಾನೇ 2009ರಲ್ಲಿ ಜೂನಾ ಬಜಾರಿನ ಹಳೇ ಸಾಮಾನಿನ ಸಂತೆಯಲ್ಲಿ 600 ರೂಪಾಯಿಗೆ ಕೊಟ್ಟುಬಿಟ್ಟೆ. ಈಗ ಪ್ರತಿ ಬುಧವಾರ, ಭಾನುವಾರ ಅಲ್ಲಿಗೆ ಹೋಗಿ ನೆಲದ ಮೇಲೆ ಹರಡಿದ ಕಬ್ಬಿಣದ ರಾಶಿಯಲ್ಲಿ ಹುಡುಕುತ್ತೇನೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಡೆ ಯಾರ ಅಟ್ಟದ ಮೇಲಾದರೂ ಪದ್ಮಿನಿಯ ಸೋಲೆಕ್ಸ್ ಕಾರ್ಬ್ಯುರೇಟರ್ ಇದ್ದರೆ ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ. ಬದಲಿಗೆ ಚಾಲ್ತಿಯಲ್ಲಿರುವ ನಿಸಾನ್ ಎಂಜಿನ್ ಕೊಡುತ್ತೇನೆ. ತಾಟು ಕೊಡುವುದಿಲ್ಲ.